ಅತ್ತೆಯ ಮಣೆಗೆ ಹಾಕಿಸಿದ ಕಚ್ಚು

ನಮ್ಮ ಮನೆಯ ಹಿಂಬಾಗಿಲಿಗೆ ಐದು ಮೆಟ್ಟಿಲುಗಳಿವೆ. ಅತ್ತೆಯ ಕಾಲು ಜಾರಿದ್ದು ಮೇಲಿನಿಂದ ಎರಡನೆಯದರಲ್ಲಿ. ಕೂತಂತೆ ಬಿದ್ದದ್ದು ಮೂರನೆಯದರ ಅಂಚಿನ ಮೇಲೆ. ಇದನ್ನು ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ನಾನು ಕೆಳಗೆ ಕಣದಲ್ಲಿ ಕಾಫಿ ಹಣ್ಣು ಹರವುತ್ತ ಅವರ ಕಡೆಗೇ ಮುಖ ಮಾಡಿ ನಿಂತಿದ್ದೆ. ಜನವರಿಯ ಬೆಳಗು, ಎಂಟೂವರೆ ಇರಬಹುದು. ಅವರ ಕೈಯಲ್ಲಿ ಏನೂ ಇರಲಿಲ್ಲ. ನನಗೆ ಏನೋ ಹೇಳಲು ಬಾಯಿ ತೆರೆದಿದ್ದರು. ಆ ಮಾತು ಏನಿತ್ತೆಂದು ಇಂದಿಗೂ ನನಗೆ ಗೊತ್ತಿಲ್ಲ, ಅವರಿಗೂ ನೆನಪಿಲ್ಲ.

ಬಿದ್ದವರು ಮೊದಲು ಎದೆಯ ಮೇಲೆ ಕೈಯಿಟ್ಟು ಕೊರಳಲ್ಲಿದ್ದ ಲಿಂಗದ ಕರಡಿಗೆ ಸರಿಯಾಗಿದೆಯೇ ಎಂದು ಮುಟ್ಟಿ ನೋಡಿಕೊಂಡರು. ಆಮೇಲೆ ನನ್ನನ್ನು ನೋಡಿದರು. ನಾನು ಓಡಿ ಹೋಗಿ ಹಿಡಿಯುವಷ್ಟರಲ್ಲಿ ಗೋಡೆ ಹಿಡಿದು ಎದ್ದಿದ್ದರು.

"ಏನಾಗಿಲ್ಲ ಕಣವ್ವ, ಹೋಗು. ಕಾಫಿ ತುಳೀಬ್ಯಾಡ," ಎಂದರು.

ಮೆಟ್ಟಿಲು ಯಾಕೆ ಜಾರುತ್ತಿತ್ತು ಎನ್ನುವುದು ನನಗೆ ಗೊತ್ತಿತ್ತು. ಆನೇಮಹಲಿನಲ್ಲಿ ಹೆದ್ದಾರಿಗೆ ಬೆನ್ನು ಹಾಕಿದಂತಿರುವ ನಮ್ಮ ಮನೆಯ ಹಿಂದೆ ಸಿಮೆಂಟಿನ ಕಣವಿದೆ. ಕುಯ್ಲಿನ ಕಾಲದಲ್ಲಿ ಹಣ್ಣಿನ ಅಂಟು ಕಾಲಿಗೆ ಹತ್ತಿ ಮೆಟ್ಟಿಲಿಗೆಲ್ಲ ಮೆತ್ತಿಕೊಳ್ಳುತ್ತದೆ, ಜೇನುಹುಳ ಮುತ್ತುತ್ತದೆ. ಮೂರು ದಿನಕ್ಕೊಮ್ಮೆ ಸೋಪಿನ ಪುಡಿ ಹಾಕಿ ಉಜ್ಜುವುದು ನನ್ನ ಕೆಲಸ. ಉಜ್ಜಿದ ಮೇಲೆ ಎರಡು ಕೊಡ ನೀರು ಸುರಿಯಬೇಕು. ಆ ದಿನ ಒಂದು ಕೊಡ ಸುರಿದೆ. ಅಷ್ಟರಲ್ಲಿ ತೋಟದಿಂದ ಹಣ್ಣಿನ ಚೀಲಗಳು ಬಂದವು. ಎರಡನೆಯ ಕೊಡ ಆಮೇಲೆ ಎಂದುಕೊಂಡು ಕಣಕ್ಕೆ ಇಳಿದೆ. ಅಷ್ಟೇ ನಡೆದದ್ದು.

ಮೊದಲ ವಾರ ಅತ್ತೆ ನೋವೆಂದು ಹೇಳಲೇ ಇಲ್ಲ. ಆದರೆ ನಾನು ಅವರನ್ನು ನೋಡುತ್ತಿದ್ದೆ. ಬಿದ್ದವರನ್ನು ಬೀಳಿಸಿದವರು ನೋಡುವ ಹಾಗೆ, ಬಿಡದೆ ನೋಡುತ್ತಿದ್ದೆ. ಅವರು ಸಂಜೆಯ ಧಾರಾವಾಹಿಯನ್ನು ನಿಂತೇ ನೋಡತೊಡಗಿದ್ದರು. ಕುರ್ಚಿಯಲ್ಲಿ ಕೂತರೆ ಎಡ ತೊಡೆಯ ಮೇಲೆ ಭಾರ ಹಾಕಿ ಓರೆಯಾಗಿ ಕೂರುತ್ತಿದ್ದರು. ಕೂತಾಗಿನ ನೋವಿಗಿಂತ ಏಳುವಾಗಿನದು ಹೆಚ್ಚು. ಎರಡೂ ಕೈ ಮುಂದಕ್ಕೆ ಊರಿ, ಉಸಿರು ಬಿಗಿ ಹಿಡಿದು, ನಿಂತ ಮೇಲೆ ಒಂದು ಕ್ಷಣ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಡೆಯಲು ತೊಂದರೆಯಿರಲಿಲ್ಲ. ಮಲಗಲೂ ಇರಲಿಲ್ಲ, ಮಗ್ಗುಲಾಗಿ ಮಲಗಿದರೆ.

ನಮ್ಮ ಯಜಮಾನರು ಮನೆಯ ಮುಂದಿನ ಅಂಗಡಿಯಲ್ಲಿ ಮೆಣಸು, ಕಾಫಿ ಕೊಳ್ಳುವ ವ್ಯಾಪಾರ ಮಾಡುತ್ತಾರೆ. ಅವರ ಗಮನಕ್ಕೆ ಬಂದದ್ದು ಹತ್ತನೆಯ ದಿನ. ಅಂದೇ ಪಂಕ್ಚರ್ ಅಂಗಡಿಯಿಂದ ಸಣ್ಣ ಗಾಡಿಯ ಹಳೆಯ ಟ್ಯೂಬೊಂದನ್ನು ಅರ್ಧ ಗಾಳಿ ತುಂಬಿಸಿ ತಂದರು.

"ಇದ್ರ ಮೇಲೆ ಕೂತ್ಕಳವ್ವ, ನೋವಾಗೋ ಜಾಗ ತೂತಲ್ಲಿ ಇರ್ತದೆ."

ಅತ್ತೆ ಟ್ಯೂಬನ್ನೂ ಮಗನನ್ನೂ ನೋಡಿದರು. "ಇದುನ್ನ ಹಾಕ್ಕಂಡು ಹೇಮಾವತಿ ಹೊಳೆಗೆ ಇಳೀಬೌದು ಮಾರಾಯ. ಪೂಜೆಗೆ ಹೆಂಗೋ ಕೂರದು?"

ಆದರೂ ಕೂತರು. ನಾಲ್ಕು ದಿನ ಕೂತ ಮೇಲೆ ನೋವು ಜಾಸ್ತಿಯಾಯಿತು. ಟ್ಯೂಬು ಮತ್ತೆ ಪಂಕ್ಚರ್ ಅಂಗಡಿಗೆ ಹೋಯಿತು.

ಅವರು ಉಣ್ಣುತ್ತಿಲ್ಲ ಎನ್ನುವುದು ನನಗೆ ತಿಳಿದದ್ದು ಅದಾದ ಮೇಲೆ. ಅತ್ತೆ ದಿನಕ್ಕೆ ಎರಡು ಹೊತ್ತು ಲಿಂಗಪೂಜೆ ಮಾಡುವವರು. ಸ್ನಾನ ಮಾಡಿ, ವಿಭೂತಿ ಧರಿಸಿ, ಮಣೆಯ ಮೇಲೆ ಕಾಲು ಮಡಚಿ ಕೂತು, ಕರಡಿಗೆಯಿಂದ ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು ಒಂದು ಊದುಬತ್ತಿ ಉರಿದು ಮುಗಿಯುವವರೆಗೆ ನೋಡುತ್ತಿರುತ್ತಾರೆ. ಅದಾಗದೆ ನೀರೂ ಮುಟ್ಟುವುದಿಲ್ಲ. ನಾನು ಈ ಮನೆಗೆ ಬಂದ ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಇದು ತಪ್ಪಿದ್ದನ್ನು ಕಂಡಿಲ್ಲ. ನಾವೂ ಲಿಂಗ ಕಟ್ಟಿಕೊಂಡವರೇ, ಆದರೆ ನನ್ನದು ಐದು ನಿಮಿಷದ ಪೂಜೆ.

ಒಂದು ಬೆಳಿಗ್ಗೆ ಮುಚ್ಚಿಟ್ಟ ರೊಟ್ಟಿ ಹನ್ನೊಂದು ಗಂಟೆಗೂ ಮುಚ್ಚಿದಂತೆಯೇ ಇತ್ತು. ಹಿಂದಿನ ದಿನದ್ದನ್ನು ಹಸುವಿಗೆ ಹಾಕಿದ್ದು ನೆನಪಾಯಿತು, ಅದರ ಹಿಂದಿನ ದಿನದ್ದನ್ನೂ. ಮರುದಿನ ನಾನು ಪೂಜೆಯ ಕೋಣೆಯ ಬಾಗಿಲ ಸಂದಿಯಿಂದ ನೋಡಿದೆ. ನೋಡಬಾರದಿತ್ತು, ಆದರೂ ನೋಡಿದೆ. ಅತ್ತೆ ಗೋಡೆ ಹಿಡಿದು ಮಣೆಯ ಮೇಲೆ ಕೂತರು. ಕರಡಿಗೆಯ ಮುಚ್ಚಳಕ್ಕೆ ಕೈ ಹಾಕಿದರು. ಸೊಂಟದಿಂದ ಮೇಲಕ್ಕೆ ಮೈಯೆಲ್ಲ ನಡುಗುತ್ತಿತ್ತು. ಮುಚ್ಚಳ ತೆರೆಯಲಿಲ್ಲ. ಮಂಡಿಯೂರಿ ನೋಡಿದರು, ಅದೂ ಆಗಲಿಲ್ಲ. ಹಣೆಗೆ ಕರಡಿಗೆ ಒತ್ತಿಕೊಂಡು ಎದ್ದರು. ಊದುಬತ್ತಿ ಕಾಲುಭಾಗವೂ ಉರಿದಿರಲಿಲ್ಲ.

ಹೊರಗೆ ಬಂದವರನ್ನು "ತಿಂಡಿ ಹಾಕ್ಲಾ ಅತ್ತೆ?" ಎಂದು ಕೇಳಿದೆ.

"ಆಮೇಲೆ."

ಪೂಜೆ ಆಯಿತು ಎಂದು ಅವರು ಸುಳ್ಳು ಹೇಳಲಿಲ್ಲ. ಆಗಿಲ್ಲವಾದ್ದರಿಂದ ತಿನ್ನಲೂ ಇಲ್ಲ. ಎಷ್ಟು ದಿನದಿಂದ ಹೀಗೆ ನಡೆದಿತ್ತೋ. ಸಂಜೆ ಹೇಗೋ ಎರಡು ನಿಮಿಷ ಕೂತು, ಲಿಂಗವನ್ನು ಕರಡಿಗೆಯಿಂದ ತೆಗೆಯದೆಯೇ ಕೈಮುಗಿದು, ಒಂದು ಹಿಡಿ ಅನ್ನ ತಿಂದು ಒಂದು ಲೋಟ ನೀರು ಕುಡಿಯುತ್ತಿದ್ದರು. ರವಿಕೆಯ ತೋಳು ಸಡಿಲವಾಗಿತ್ತು. ಅರವತ್ತೆಂಟು ವರ್ಷದ ಹೆಂಗಸು ನನ್ನ ಕಣ್ಣೆದುರೇ ಸವೆಯುತ್ತಿದ್ದರು, ಒಂದು ಕೊಡ ನೀರಿನ ದೆಸೆಯಿಂದ.

ಆ ದಿನ ನಾನು ಒಂದು ನಿರ್ಧಾರ ಮಾಡಿದೆ. ಅತ್ತೆಯ ಹಟ ಬಿಡಿಸುವುದಲ್ಲ, ಅದು ನನ್ನಿಂದ ಆಗುವುದಲ್ಲ. ಅವರನ್ನು ಮತ್ತೆ ನೆಲಕ್ಕೆ ಕೂರಿಸುವುದು.

ಸಕಲೇಶಪುರದ ಮೂಳೆ ಡಾಕ್ಟರರ ಬಳಿ ಕರೆದುಕೊಂಡು ಹೋದೆ. ಹೇಗೆ ಬಿದ್ದಿರಿ ಎಂದು ಅವರು ಕೇಳಿದರು.

"ಮೆಟ್ಲಲ್ಲಿ ಪಾಚಿ ಕಟ್ಟಿತ್ತು ಕಣಪ್ಪ," ಎಂದರು ಅತ್ತೆ.

ಜನವರಿಯಲ್ಲಿ ನಮ್ಮಲ್ಲಿ ಪಾಚಿ ಎಲ್ಲಿಂದ ಬರಬೇಕು. ನಾನು ಬಾಯಿಬಿಟ್ಟೆ. "ಪಾಚಿ ಅಲ್ಲ ಸಾರ್, ಸೋಪು. ನಾನು ಸರಿಯಾಗಿ ತೊಳೆದಿರಲಿಲ್ಲ."

ಅತ್ತೆ ನನ್ನ ಕಡೆ ತಿರುಗಲೂ ಇಲ್ಲ. "ನಂಗೊತ್ತು ಬುಡು. ಆವತ್ತೆಲ್ಲ ಸೀರೆ ಸೋಪು ಸೋಪು ಅಂತಿತ್ತು."

ಡಾಕ್ಟರು ಎಕ್ಸ್‌ರೇ ತೆಗೆಸಿದರು, ಕೂತಾಗ ಒಂದು, ನಿಂತಾಗ ಒಂದು. ಮೂಳೆ ಮುರಿದಿರಲಿಲ್ಲ. ಬೆನ್ನುಮೂಳೆಯ ಕಟ್ಟಕಡೆಗೆ ಹೆಬ್ಬೆರಳ ತುದಿಯಷ್ಟು ದೊಡ್ಡದಾದ, ಕೊಕ್ಕಿನ ಹಾಗೆ ಒಳಕ್ಕೆ ಬಾಗಿದ ಮೂಳೆಯನ್ನು ಪೆನ್ನಿನ ತುದಿಯಿಂದ ತೋರಿಸಿದರು. ಬಾಲದ ಮೂಳೆ. ಬಿದ್ದ ಪೆಟ್ಟಿಗೆ ಅದರ ಕೀಲು ಉಳುಕಿದೆ, ಸುತ್ತಲಿನ ಸ್ನಾಯು ಬಿಗಿದುಕೊಂಡಿದೆ, ಕೂತಾಗಲೆಲ್ಲ ಮತ್ತೆ ಒತ್ತು ಬೀಳುವುದರಿಂದ ಬಾವು ಇಳಿಯಲು ಬಿಡುವು ಸಿಗುತ್ತಿಲ್ಲ ಎಂದರು. ಹೆಚ್ಚಿನವರಿಗೆ ಕೆಲವು ವಾರ, ಕೆಲವರಿಗೆ ತಿಂಗಳುಗಳು ಬೇಕು. ಆಗಲೂ ಇಳಿಯದಿದ್ದರೆ ಸೂಜಿ ಮದ್ದು ಉಂಟು. ಜ್ವರ ಬಂದರೆ, ಆ ಜಾಗದಲ್ಲಿ ಕೀವು ಕಟ್ಟಿದರೆ, ಕಾಲು ಜೋಮು ಹಿಡಿದರೆ ಅಥವಾ ಒಂದಕ್ಕೆ ಎರಡಕ್ಕೆ ಹೋಗುವುದರ ಹಿಡಿತ ತಪ್ಪಿದರೆ ಮಾತ್ರ ಒಂದು ದಿನವೂ ಕಾಯದೆ ಬರಬೇಕು ಎಂದು ಎರಡು ಸಲ ಹೇಳಿದರು.

"ಎರಡಕ್ಕೆ ಸರಿಯಾಗಿ ಆಗುತ್ತಾ?" ಎಂದು ಕೇಳಿದರು.

ಅತ್ತೆ ಸೆರಗು ಸರಿಪಡಿಸಿಕೊಂಡರು. ಉತ್ತರ ನಾನೇ ಕೊಟ್ಟೆ. ಊಟದ ವಿಷಯವನ್ನೂ ಹೇಳಿದೆ.

"ಅಮ್ಮ, ನೀವು ನೀರು ಕುಡಿಯಲ್ಲ, ಸೊಪ್ಪು ತಿನ್ನಲ್ಲ, ಮಲ ಗಟ್ಟಿಯಾಗುತ್ತೆ. ನೀವು ತಿಣುಕುತ್ತೀರಿ. ಅದು ನೇರ ಈ ಮೂಳೆಯನ್ನೇ ಎಳೆಯುತ್ತೆ. ಹಗಲೆಲ್ಲ ಕೂರದೆ ಕಾಪಾಡಿಕೊಂಡದ್ದನ್ನ ಬೆಳಿಗ್ಗೆ ಐದು ನಿಮಿಷದಲ್ಲಿ ಕಳೀತಿದ್ದೀರಿ."

"ನೀರು ಕುಡೀತೀನಿ," ಎಂದರು ಅತ್ತೆ. ಅಷ್ಟಕ್ಕೇ ಒಪ್ಪಿದ್ದು.

ಪಕ್ಕದ ಕೋಣೆಯಲ್ಲಿ ವ್ಯಾಯಾಮ ಹೇಳಿಕೊಡುವ ಹುಡುಗಿಯೊಬ್ಬಳಿದ್ದಳು. ಅವಳು ಅತ್ತೆಯನ್ನು ಮಗ್ಗುಲಾಗಿ ಮಲಗಿಸಿ, ಹೊಟ್ಟೆ ಉಬ್ಬುವ ಹಾಗೆ ನಿಧಾನವಾಗಿ ಉಸಿರೆಳೆದು ಕೆಳಗಿನ ಸ್ನಾಯುವನ್ನು ಸಡಿಲ ಬಿಡುವುದನ್ನು ಕಲಿಸಿದಳು. ಬಿಗಿ ಹಿಡಿಯುವುದಲ್ಲ ಅಜ್ಜಿ, ಬಿಡುವುದು, ಎಂದು ಮತ್ತೆ ಮತ್ತೆ ಹೇಳಿದಳು. ಬಿಸಿನೀರಿನ ಚೀಲ ಇಟ್ಟುಕೊಳ್ಳಿ, ಹತ್ತು ನಿಮಿಷಕ್ಕಿಂತ ಹೆಚ್ಚು ಒಂದೇ ಸಮ ಕೂರಬೇಡಿ, ಏಳುವಾಗ ಮೊದಲು ಮುಂದಕ್ಕೆ ಬಾಗಿ ಆಮೇಲೆ ಏಳಿ. ಟ್ಯೂಬಿನ ಕತೆ ಕೇಳಿ ನಕ್ಕಳು. ದುಂಡನೆಯ ಟ್ಯೂಬಿನಲ್ಲಿ ಹಿಂದಿನ ಅಂಚು ಹೋಗಿ ಅದೇ ಮೂಳೆಗೆ ತಾಗುತ್ತದೆ. ಬೇಕಾದದ್ದು ಹಿಂದುಗಡೆ ತೆರೆದಿರುವ ದಿಂಬು. "ಮನುಷ್ಯರು ಕೂರಬೇಕಾದ್ದು ಬಾಲದ ಮೂಳೆ ಮೇಲಲ್ಲ ಅಜ್ಜಿ. ಎರಡು ಕುಂಡಿಯೊಳಗೆ ಎರಡು ಮೂಳೆ ಇದಾವೆ, ಅದರ ಮೇಲೆ. ಹಿಂದಕ್ಕೆ ಒರಗಿದರೆ ಭಾರ ಮೂರನೇದಕ್ಕೆ ಹೋಗುತ್ತೆ."

"ನನ್ನವು ಎಲ್ಲವೆ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?" ಎಂದು ಅತ್ತೆ ಕೇಳಿದರು. ಹುಡುಗಿ ಕೈಯಿಂದ ಮುಟ್ಟಿ ತೋರಿಸಿದಳು. ಅತ್ತೆಗೆ ಸಮಾಧಾನವಾದಂತೆ ಕಾಣಲಿಲ್ಲ.

ದಿಂಬನ್ನು ಕೊಂಡು ತಂದೆವು. ಕುರ್ಚಿಯ ಮೇಲೆ ಅದು ಚೆನ್ನಾಗಿತ್ತು. ನೆಲದ ಮೇಲೆ ಕಾಲು ಮಡಚಿ ಕೂತರೆ ಚಪ್ಪಟೆಯಾಗಿ ಮೂಳೆ ನೆಲಕ್ಕೇ ತಾಗುತ್ತಿತ್ತು. ಆಗ ನಮ್ಮ ಯಜಮಾನರಿಗೆ ಒಂದು ಉಪಾಯ ಹೊಳೆಯಿತು. ನಮ್ಮ ಮನೆಗೆ ಬರುವ ಜಂಗಮ ಅಯ್ಯನವರನ್ನು ಕರೆತಂದು, ಕುರ್ಚಿಯ ಮೇಲೆ ಕೂತು ಪೂಜೆ ಮಾಡಬಹುದೆಂದು ಅವರ ಬಾಯಲ್ಲೇ ಹೇಳಿಸುವುದು. ನಮ್ಮಂಥ ಮನೆಗಳಲ್ಲಿ ಇಂಥ ತೊಡಕಿಗೆಲ್ಲ ಇದೇ ಪರಿಹಾರ, ಅಯ್ಯನವರ ಅಪ್ಪಣೆ. ನನಗೂ ಅದೇ ಸರಿಯೆನಿಸಿತು. ಇಬ್ಬರೂ ತಪ್ಪು ತಿಳಿದಿದ್ದೆವು.

ಅಯ್ಯನವರು ಒಂದು ಮಾತಿಗೆ ಒಪ್ಪಿದರು. "ಕುರ್ಚಿ ಆದ್ರೇನು, ಕಟ್ಟೆ ಆದ್ರೇನು ತಾಯಿ. ಲಿಂಗ ಇರದು ಅಂಗೈಲಿ. ಕುಂಡಿ ಎಲ್ಲೈತೆ ಅಂತ ಶಿವ ನೋಡಲ್ಲ."

"ಅದು ನಂಗೂ ಗೊತ್ತು ಅಯ್ನೋರೆ," ಎಂದರು ಅತ್ತೆ. ಕುರ್ಚಿಯ ಮೇಲೆ ಕೂತರು. ನನ್ನ ಕಡೆ ತಿರುಗಿ, "ಒಂದು ಲೋಟ ನೀರು ತಗಂಡ್ಬಾ. ತುಂಬ," ಎಂದರು.

ತಂದುಕೊಟ್ಟೆ. ಲೋಟವನ್ನು ಎಡ ಅಂಗೈಯ ಮೇಲಿಟ್ಟುಕೊಂಡು, ಪೂಜೆಯಲ್ಲಿ ಹಿಡಿಯುವಂತೆ ಎದೆಯ ಮಟ್ಟಕ್ಕೆ ಹಿಡಿದರು. ಮೊದಲು ನೀರಿನ ಮೇಲೆ ಸಣ್ಣ ಅಲೆ ಎದ್ದಿತು. ಆಮೇಲೆ ಲೋಟವೇ ಅಲುಗತೊಡಗಿತು. ನೀರು ಅಂಚು ದಾಟಿ ಮಣಿಕಟ್ಟಿನಿಂದ ಮೊಣಕೈಗೆ ಹರಿದು ಸೀರೆಗೆ ತೊಟ್ಟಿಕ್ಕಿತು. ಅತ್ತೆ ಲೋಟವನ್ನು ಕೆಳಗಿಟ್ಟರು.

"ನೆಲದಲ್ಲಿ ಕೂತ್ರೆ ಮೊಣಕೈ ತೊಡೆ ಮ್ಯಾಲೆ ಕೂರ್ತದೆ. ಕೈ ಕಲ್ಲಿನಂಗೆ ನಿಂತ್ಕಂತದೆ. ಕುರ್ಚೀಲಿ ತೊಡೆ ತಗ್ಗಾಯ್ತದೆ, ಕೈಗೆ ಆಧಾರ ಎಲ್ಲೈತೆ? ಈ ಕೈಯಿಂದ ಲಿಂಗ ಜಾರ್ಬುಟ್ರೆ ಏನ್ಮಾಡ್ಲಿ, ಹೇಳಿ."

ನಮ್ಮ ಯಜಮಾನರು ಹೋಗಿ ಮೇಜೊಂದನ್ನು ಎಳೆದು ತಂದು ಕುರ್ಚಿಯ ಮುಂದಿಟ್ಟರು. ಅತ್ತೆ ಅದರ ಮೇಲೆ ಮೊಣಕೈ ಊರಿ ನೋಡಿದರು. "ಪರೀಕ್ಷೆ ಬರಿಯಕ್ಕೆ ಕೂತಂಗಾಯ್ತು ಕಣೋ. ಕೈ ಮೂಗಿನ ತಾವಕ್ಕೇ ಬತ್ತದೆ. ಈ ಕಣ್ಣಿಗೆ ಅಷ್ಟು ಹತ್ರ ಇಟ್ರೆ ಬರೀ ಮಸುಕು."

ಎರಡು ವಾರ ನಾವು ಅವರ ಮಡಿಯ ವಿರುದ್ಧ ಮನಸ್ಸಿನಲ್ಲೇ ವಾದ ಹೂಡಿದ್ದೆವು. ತೊಡಕಿದ್ದದ್ದು ಮೊಣಕೈಯಲ್ಲಿ. ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಕೈ ನಡುಗುತ್ತದೆ ಎಂದು ಹೇಳಿಕೊಳ್ಳುವುದು ಅವರಿಗೆ ನೋವಿಗಿಂತ ಕಷ್ಟವಾಗಿತ್ತೆಂದು ನನಗೆ ಆಮೇಲೆ ಅನ್ನಿಸಿತು.

ಮರುದಿನ ಬೆಳಿಗ್ಗೆ ಅತ್ತೆ ನನ್ನನ್ನು ಕರೆದು ರಾಗಿ ಹಿಟ್ಟು ತರಲು ಹೇಳಿದರು. ಎಷ್ಟು ಎಂದೆ. ಎರಡು ಸೇರು ಎಂದರು. ಪೂಜೆಯ ಕೋಣೆಯಲ್ಲಿ ಗೋಣಿಚೀಲ ಹಾಸಿ, ಅದರ ಮೇಲೆ ಹಿಟ್ಟನ್ನು ಎರಡು ಬೆರಳು ದಪ್ಪಕ್ಕೆ ಹರವಿಸಿದರು. ಅಂಗೈಯಿಂದ ಸವರಿ ಸಮ ಮಾಡಿಸಿದರು. ಮೇಲೆ ಒಂದು ತೆಳುವಾದ ಪಂಚೆ. ನನ್ನ ಭುಜ ಹಿಡಿದು, ಹಲ್ಲು ಕಚ್ಚಿ, ಕಾಲು ಮಡಚಿ ಅದರ ಮೇಲೆ ಕೂತರು. ಎಡ ಮೊಣಕೈಯನ್ನು ತೊಡೆಯ ಮೇಲೆ ಊರಿ ಪೂಜೆಗೆ ಕೂತ ಹಾಗೇ ಕೂತರು. ಇಪ್ಪತ್ತು ಎಣಿಸು ಎಂದರು, ಎಣಿಸಿದೆ. ನೇರ ಮೇಲಕ್ಕೆ ಎತ್ತು ಎಂದರು, ಎತ್ತಿದೆ.

ಪಂಚೆ ತೆಗೆದಾಗ ಹಿಟ್ಟಿನಲ್ಲಿ ಎರಡು ಆಳವಾದ ಗುಳಿಗಳಿದ್ದವು. ಅವುಗಳ ಹಿಂದೆ, ನಡುವಿಗೆ, ಇನ್ನೊಂದು ಚಿಕ್ಕದು.

"ಇವೆರಡು ನನ್ನವು," ಎಂದರು ಅತ್ತೆ. ಬಗ್ಗಿ ಒಂದೊಂದು ಗುಳಿಯಲ್ಲಿ ಒಂದೊಂದು ಕಾಫಿ ಬೀಜ ಇಟ್ಟರು. ಮೂರನೆಯದಕ್ಕೂ ಒಂದು ಇಟ್ಟು, "ಇದೇ ಕಳ್ಳ," ಎಂದರು. ನಾನು ಹೊಲಿಗೆ ಟೇಪು ತಂದು ಬೀಜದಿಂದ ಬೀಜಕ್ಕೆ ಅಳೆದು ಕಾಗದದ ಮೇಲೆ ಬರೆದುಕೊಂಡೆ. ಅವರು ಪೂಜೆಗೆ ಕೂರುವ ಮಣೆಗೆ ಆ ಮೂರನೆಯ ಜಾಗದಲ್ಲಿ ಹಿಂದಿನಿಂದ ಕಚ್ಚು ಹಾಕಿಸಬೇಕೆಂದು ಇಬ್ಬರಿಗೂ ಒಟ್ಟಿಗೇ ಗೊತ್ತಾಯಿತು.

ಆ ಮಣೆ ಮದುವೆಯಲ್ಲಿ ತವರಿನಿಂದ ಬಂದದ್ದು. ಅತ್ತೆಯ ತವರು ಆಲೂರು ಕಡೆಯ ಮಗ್ಗೆ. ಅದನ್ನು ಮಾಡಿದ ಬಡಗಿಯ ಮಗ ಈಗಲೂ ಅಲ್ಲೇ ಕೆಲಸ ಮಾಡುತ್ತಾನೆ. ಬೇರೆಯವರಿಗೆ ಅದನ್ನು ಕುಯ್ಯಲು ಕೊಡುವುದಿಲ್ಲ ಎಂದರು ಅತ್ತೆ. ಕಾರಿನಲ್ಲಿ ಕೂರುವುದು ಆಗುವುದಿಲ್ಲ. ಹಾಗಾಗಿ ಎರಡು ಬಸ್ಸು ಹತ್ತಿ, ಅಷ್ಟು ದೂರವೂ ನಿಂತೇ ಹೋದೆವು. ಮಣೆ ನನ್ನ ಕಂಕುಳಲ್ಲಿತ್ತು. ಎರಡನೆಯ ಬಸ್ಸಿನಲ್ಲಿ ಒಬ್ಬ ಎದ್ದು ನಿಂತು, "ಕೂತ್ಕಳಿ ಅಜ್ಜಿ," ಎಂದ.

"ಬ್ಯಾಡ ಕಣಪ್ಪ."

"ಅಯ್ಯೋ ಕೂತ್ಕಳಿ, ನಾನು ಮುಂದಿನ ಸ್ಟಾಪಲ್ಲಿ ಇಳೀತೀನಿ."

"ಕೂರಕ್ಕಾಗಲ್ಲ ಅಂತ್ಲೇ ಹೊರಟಿರದು ಮಾರಾಯ, ನೀನೇ ಕೂತ್ಕ."

ಬಡಗಿ ಕಾಗದವನ್ನೂ ಮಣೆಯನ್ನೂ ತಿರುಗಿಸಿ ತಿರುಗಿಸಿ ನೋಡಿದ. "ಬಾಲದ ಮೂಳೆ ಅಂತೀರ. ಬಾಲವೇ ಇಲ್ದೋರಿಗೆ ಅದ್ಯಾಕ್ ಬೇಕಿತ್ತಕ್ಕ?"

"ಬಾಲ ಇದ್ದಿದ್ರೆ ಕಂಬಕ್ಕೆ ಸುತ್ಕಂಡು ಬೀಳದಂಗಾದ್ರೂ ನಿಂತ್ಕತಿದ್ದೆ. ನೀನು ಗೀಟು ಹಾಕು."

ಅವನು ಹಿಂದಿನ ಅಂಚಿನಿಂದ ಒಳಕ್ಕೆ, ಮೂರು ಬೆರಳು ಅಗಲ, ಕುದುರೆಯ ಲಾಳದ ಆಕಾರಕ್ಕೆ ಕಚ್ಚು ಹಾಕಿದ. ಹಿಂದುಗಡೆ ಮಣೆಯ ಅಡಿಗೆ ಎರಡು ಬೆರಳಿನಷ್ಟು ಎತ್ತರದ ಪಟ್ಟಿ ಹೊಡೆದ, ಕೂತವರು ತಾವಾಗಿ ಮುಂದಕ್ಕೆ ವಾಲುವ ಹಾಗೆ. ನಮ್ಮ ಮೊದಲ ಅಳತೆ ತಪ್ಪಿತ್ತು. ಮನೆಗೆ ಬಂದು ಕೂತರೆ ಕಚ್ಚಿನ ಎರಡೂ ಬದಿ ಮೂಳೆಯ ಪಕ್ಕಕ್ಕೆ ತಾಗುತ್ತಿತ್ತು. ಹಿಟ್ಟು ಮೆತ್ತಗಿರುತ್ತದೆ, ಹಲಗೆ ಅಲ್ಲ. ಅದನ್ನು ನಾವು ಯೋಚಿಸಿರಲಿಲ್ಲ. ಅತ್ತೆ ಮರ ಉಜ್ಜುವ ಅರ ತರಲು ಹೇಳಿದರು. ನಾನು ಎರಡು ಮಧ್ಯಾಹ್ನ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಕಚ್ಚನ್ನು ಎರಡೂ ಕಡೆ ಅರ್ಧ ಬೆರಳಿನಷ್ಟು ಉಜ್ಜಿ ಅಗಲಿಸಿದೆ, ಅಂಚನ್ನು ದುಂಡಗೆ ಮಾಡಿದೆ. ಹಳೆಯ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ, ಅದೇ ಆಕಾರಕ್ಕೆ ಕತ್ತರಿಸಿ, ಮೇಲೆ ಹೊಲಿದು ಕೂರಿಸಿದೆ. ಬೆರಳಿಗೆ ಬೊಬ್ಬೆ ಬಂದವು. ಅದು ನನಗೆ ಬೇಕಿತ್ತು.

ಮರುದಿನ ಅತ್ತೆ ಒಂದು ಊದುಬತ್ತಿಯನ್ನು ಮೂರು ತುಂಡು ಮಾಡಿದರು. ಹತ್ತು ನಿಮಿಷ ಎಂದು ಆ ಹುಡುಗಿ ಹೇಳಿದ್ದಳಲ್ಲ, ಒಂದು ತುಂಡು ಅಷ್ಟು ಹೊತ್ತು ಉರಿಯುತ್ತದೆ. ಬಾಗಿಲು ಮುಚ್ಚಲಿಲ್ಲ. ಇಣುಕಿ ನೋಡುವ ಕಷ್ಟ ನನಗೆ ಬೇಡವೆಂದಿರಬಹುದು. ಮಣೆಯ ಮೇಲೆ ಕೂತರು. ಸಣ್ಣಗೆ ಮುಂದಕ್ಕೆ ವಾಲಿದರು. ಕಲಿತಂತೆ ಹೊಟ್ಟೆಯಿಂದ ಉಸಿರೆಳೆದು ಬಿಟ್ಟರು. ಮೊಣಕೈಯನ್ನು ಎಡ ತೊಡೆಯ ಮೇಲೆ ಊರಿ, ಒಂದಷ್ಟು ಹೊತ್ತು ಬರಿಯ ಅಂಗೈಯನ್ನೇ ನೋಡುತ್ತಿದ್ದರು. ಅದು ಅಲುಗಲಿಲ್ಲ. ಆಮೇಲೆ ಕರಡಿಗೆಯ ಮುಚ್ಚಳ ತೆರೆದರು.

ತುಂಡು ಊದುಬತ್ತಿ ಮುಗಿಯುವವರೆಗೂ ನಾನು ಬಾಗಿಲ ಬಳಿ ನಿಂತಿದ್ದೆ. ಮುಖದಲ್ಲಿ ನೋವು ಇರಲಿಲ್ಲವೆಂದು ಹೇಳಲಾರೆ. ಎರಡು ಸಲ ತುಟಿ ಬಿಗಿದರು. ಕೈ ಮಾತ್ರ ಇದ್ದಲ್ಲೇ ಇತ್ತು.

ಆ ದಿನ ಅರ್ಧ ರೊಟ್ಟಿ ತಿಂದರು. ಒಂದೇ ತುಂಡಿನಲ್ಲಿ ಪೂಜೆ ಆಯಿತೇ ಎಂದು ನಮ್ಮ ಯಜಮಾನರು ಕೇಳಿದ್ದಕ್ಕೆ, "ಕೈ ನಿಂತ್ಮೇಲೆ ಪೂಜೆ ಆದಂಗೇ ಕಣೋ. ಊದುಬತ್ತಿ ಉದ್ದ ಯಾರ್ ಕೇಳ್ತಾರೆ," ಎಂದರು. ಹಾಗೆಂದವರು ಅದರ ಉದ್ದವನ್ನು ಬಿಡಲಿಲ್ಲ. ಒಂದು ತುಂಡಿನ ಮೇಲೆ ಎದ್ದು, ಅಂಗಳದಲ್ಲಿ ನಾಲ್ಕು ಹೆಜ್ಜೆ ಓಡಾಡಿ, ಬೇಕೆನಿಸಿದರೆ ಇನ್ನೊಂದು ತುಂಡು. ಮೂರನೆಯ ವಾರಕ್ಕೆ ಬತ್ತಿಯನ್ನು ಎರಡೇ ತುಂಡು ಮಾಡಿದರು. ನಡುವೆ ಒಂದು ದಿನ ಮಾರನಹಳ್ಳಿಯ ನೆಂಟರ ಮನೆಗೆ ಕಾರಿನಲ್ಲಿ ಹೋಗಿಬಂದು ಮತ್ತೆ ಐದು ದಿನ ನೋವು ತಂದುಕೊಂಡರು, ಮತ್ತೆ ಮೂರು ತುಂಡಿಗೆ ಬಂದರು. ಬೇಸರ ಮಾಡಿಕೊಳ್ಳಲಿಲ್ಲ. ಬಿಸಿನೀರಿನ ಚೀಲ, ಬೆಳಿಗ್ಗೆ ಏಳುತ್ತಲೇ ಎರಡು ಲೋಟ ನೀರು, ರಾತ್ರಿ ಊಟಕ್ಕೆ ಸೊಪ್ಪು, ಮಗ್ಗುಲಾಗಿ ಮಲಗಿ ಉಸಿರಾಟ, ಯಾವುದನ್ನೂ ಬಿಡಲಿಲ್ಲ. ಪೂಜೆಗೆ ಮೊದಲು ನೀರು ಕುಡಿಯುವುದನ್ನು ಯಾವಾಗ ಒಪ್ಪಿಕೊಂಡರೋ ನನಗೆ ತಿಳಿಯದು. ನಾನು ಕೇಳಲೂ ಇಲ್ಲ.

ಈಗ ನೋವು ಪೂರ್ತಿ ಹೋಗಿದೆಯೆಂದಲ್ಲ. ದೂರದ ಬಸ್ಸಿನಲ್ಲಿ ಈಗಲೂ ಅರ್ಧ ದಾರಿ ನಿಂತಿರುತ್ತಾರೆ. ನಾನು ಮೆಟ್ಟಿಲಿಗೆ ಎರಡು ಕೊಡ ಸುರಿದು, ಬರಿಗಾಲಿನಲ್ಲಿ ಐದನ್ನೂ ಹತ್ತಿ ಇಳಿದು ನೋಡಿಯೇ ಕಣಕ್ಕೆ ಹೋಗುತ್ತೇನೆ.

ಇಡೀ ಊದುಬತ್ತಿ ಹಚ್ಚಿದ ದಿನ ನಾನು ಒಲೆಯ ಮುಂದಿದ್ದೆ. ಕಾವಲಿಯ ಮೇಲೆ ಅಕ್ಕಿರೊಟ್ಟಿ ಬೇಯುತ್ತಿತ್ತು. ಪೂಜೆಯ ಕೋಣೆಯಿಂದ ಸದ್ದೇ ಇರಲಿಲ್ಲ. ಹೋಗಿ ನೋಡಬೇಕೆನಿಸಿತು, ಹೋಗಲಿಲ್ಲ. ನಾಲ್ಕನೆಯ ರೊಟ್ಟಿ ತಟ್ಟುವಾಗ ಅತ್ತೆ ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತರು, ಹಣೆಯ ಮೇಲೆ ವಿಭೂತಿ ಒಣಗಿತ್ತು. ತಟ್ಟೆಯನ್ನು ತಾವೇ ತೆಗೆದುಕೊಂಡರು. ಎರಡು ರೊಟ್ಟಿ ನಿಂತೇ ತಿಂದರು, ಚಟ್ನಿಗೆ ಉಪ್ಪು ಕಮ್ಮಿ ಎಂದರು. ಆಮೇಲೆ ಕಾವಲಿಯ ಕಡೆ ನೋಡಿದರು.

"ಇನ್ನೊಂದು ಐತೇನವ್ವ?"